ಬಾರದ ಚಕ್ರವರ್ತಿಯ ಕುರುಹುಗಳು

ಫ್ರಾನ್ಸ್ ದೇಶದ ಚಕ್ರವರ್ತಿಯಾಗಿದ್ದ ನೆಪೋಲಿಯನ್ ಬೋನಪಾರ್ಟನ ಸ್ಮಾರಕಗಳನ್ನು ನೋಡಬಯಸುವವರು ಪ್ಯಾರಿಸ್ ನಗರಕ್ಕೆ ಹೋಗುವುದು ವಾಡಿಕೆ. ಅಲ್ಲಿ ಅವನ ಅಪ್ಪಣೆಯಂತೆ 1806ರಲ್ಲಿ ಆರಂಭವಾಗಿ 1836ರಲ್ಲಿ ಮುಗಿದ ವಿಜಯದ್ವಾರವಿದೆ. ಸೇಂಟ್ ಹೆಲೀನಾ ದ್ವೀಪದಿಂದ 1840ರಲ್ಲಿ ತರಿಸಿದ ಅವನ ದೇಹಾವಶೇಷವನ್ನು ಇರಿಸಿರುವ ಭವ್ಯವಾದ ಸಮಾಧಿಯಿದೆ. ಆದರೆ ಹಾಸನದ ಸೀಮೆಯವರು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಆ ಪುರುಷನು ಭರತಖಂಡದ ನೆಲವನ್ನು ಒಮ್ಮೆಯೂ ಮೆಟ್ಟಲಿಲ್ಲವಾದರೂ, ಅವನು ಬರುವನೆಂಬ ಸುದ್ದಿಯೇ ಕನ್ನಡ ನಾಡಿನ ಅದೃಷ್ಟವನ್ನು ತಿರುಗಿಸಿದ ಕಾಲವೊಂದಿತ್ತು. ಆ ಕಾಲದ ಕುರುಹುಗಳು ಮಂಜರಾಬಾದಿನ ಬೆಟ್ಟದಿಂದ ಶ್ರೀರಂಗಪಟ್ಟಣದವರೆಗೆ ಇಂದಿಗೂ ಉಳಿದಿವೆ.

ಹಾಸನದಿಂದ ಹಗರೆಯ ಮಾರ್ಗವಾಗಿ ಬೇಲೂರಿಗೆ ಹೋಗುವ ಯಾತ್ರಿಕರ ಮನಸ್ಸೆಲ್ಲ ಹೊಯ್ಸಳರ ಶಿಲ್ಪದ ಮೇಲಿರುತ್ತದೆ. ಚೆನ್ನಕೇಶವನ ದರ್ಶನವಾದ ಮೇಲೆ ದಕ್ಷಿಣಕ್ಕೆ ತಿರುಗಿ ಸಕಲೇಶಪುರವನ್ನು ಸೇರಿ, ಮಂಗಳೂರಿನ ದಾರಿಯಲ್ಲಿ ಸ್ವಲ್ಪ ದೂರ ಮುಂದುವರಿದರೆ, ತೀರ ಬೇರೆ ಬಗೆಯ ಕಟ್ಟಡವೊಂದು ಗುಡ್ಡದ ನೆತ್ತಿಯ ಮೇಲೆ ಕಾಣುತ್ತದೆ. ಅದೇ 1792ರಲ್ಲಿ ಟೀಪು ಸುಲ್ತಾನನು ಕಟ್ಟಿಸಿದ ಮಂಜರಾಬಾದು ಕೋಟೆ. ಅದರ ಆಕಾರವು ಎಂಟು ಮೂಲೆಗಳ ನಕ್ಷತ್ರದಂತಿದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ವೋಬಾನ್ ಎಂಬ ಶಿಲ್ಪಿಯು ಪರಿಪೂರ್ಣಗೊಳಿಸಿದ ಪದ್ಧತಿಯಿದು. ಗೋಡೆಯ ಒಂದು ಮೂಲೆಯ ಬುಡಕ್ಕೆ ನುಗ್ಗಿದ ಶತ್ರುವು ಪಕ್ಕದ ಮೂಲೆಯ ಗುಂಡಿಗೆ ಗುರಿಯಾಗಲೇಬೇಕು; ಅಡಗಿಕೊಳ್ಳುವುದಕ್ಕೆ ಎಲ್ಲಿಯೂ ಎಡೆಯಿರದು. ಆ ವರ್ಷ ನೆಪೋಲಿಯನ್ನನು ಹೆಸರಿಲ್ಲದ ಒಬ್ಬ ಫಿರಂಗಿ ದಳದ ಅಧಿಕಾರಿ. ಆದರೆ ಫ್ರೆಂಚರ ಯುದ್ಧವಿದ್ಯೆಯಲ್ಲಿ ಮೈಸೂರು ಇಟ್ಟಿದ್ದ ನಂಬಿಕೆಯು ಆಗಲೇ ಈ ಗುಡ್ಡದ ಮೇಲೆ ಕಲ್ಲಾಗಿ ನಿಂತಿತ್ತು.

ಆ ನಂಬಿಕೆಗೆ ಕಾರಣವಿಲ್ಲದಿರಲಿಲ್ಲ. ಅದೇ 1792ರ ಒಪ್ಪಂದದಿಂದ ಟೀಪುವು ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಇಂಗ್ಲಿಷರಲ್ಲಿ ಒತ್ತೆಯಿಡಬೇಕಾಯಿತು. ನೆರೆಯವರಾದ ಮರಾಠರೂ ನಿಜಾಮನೂ ಶತ್ರುವಿನ ಕಡೆಗಿದ್ದುದರಿಂದ ಅವನು ಸಮುದ್ರದ ಆಚೆಗೆ ಕೈಚಾಚಿದನು. ಅವನ ದೂತರು ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಹೋದರು. ಗುಟ್ಟಾಗಿ ನಡೆಯಬೇಕಾಗಿದ್ದ ಆ ಸಂಧಾನವನ್ನು ಅಲ್ಲಿನ ಗವರ್ನರನಾದ ಮಲಾರ್ಟಿಕನು 1798ರ ಜನವರಿಯಲ್ಲಿ ಬಹಿರಂಗವಾಗಿ ಸಾರಿಬಿಟ್ಟನು. ನೆರವಿಗೆಂದು ಮಂಗಳೂರಿಗೆ ಬಂದಿಳಿದವರು ಸುಮಾರು 100 ಮಂದಿ ಮಾತ್ರ. ಸುದ್ದಿಯು ಮಾತ್ರ ಕಲ್ಕತ್ತೆಯನ್ನು ಮುಟ್ಟಿತು. ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ದೊರೆಯಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ನೆಪೋಲಿಯನ್ನನು ಈಜಿಪ್ಟಿನಲ್ಲಿ ಇಳಿದನು. ಆಗಸ್ಟ್ 1ರಂದು ನೆಲ್ಸನ್ನನು ಅವನ ನೌಕಾಬಲವನ್ನು ನಾಶಮಾಡಿದುದರಿಂದ ಮುಂದಿನ ಕಡಲದಾರಿ ಮುಚ್ಚಿಹೋಯಿತು. ಆದರೂ ಅವನು 1799ರ ಜನವರಿಯಲ್ಲಿ ಕೈರೋ ನಗರದಿಂದ ಟೀಪುವಿಗೆ ಕಾಗದ ಬರೆದು, ತಾನು ಕೆಂಪು ಸಮುದ್ರದ ದಡಕ್ಕೆ ದೊಡ್ಡ ಸೈನ್ಯದೊಡನೆ ಬಂದಿರುವೆನೆಂದೂ, ಇಂಗ್ಲಿಷರಿಂದ ಅವನನ್ನು ಬಿಡಿಸುವುದೇ ತನ್ನ ಇಷ್ಟವೆಂದೂ, ನಂಬಿಕೆಯವನೊಬ್ಬನನ್ನು ಕಳುಹಿಸಬೇಕೆಂದೂ ತಿಳಿಸಿದನು. ಆ ಕಾಗದವು ಶ್ರೀರಂಗಪಟ್ಟಣವನ್ನು ಸೇರಲಿಲ್ಲ. ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. 1799ರ ಮೇ 4ರಂದು ಟೀಪುವು ಕೋಟೆಯನ್ನು ಕಾಯುತ್ತ ಮಡಿದಾಗ, ಬಿಡಿಸಲು ಬರುವೆನೆಂದವನು ಪ್ಯಾಲೆಸ್ತೀನಿನ ಏಕರ್ ಕೋಟೆಯ ಮುಂದೆ ತಾನೇ ದಾರಿಗಾಣದೆ ನಿಂತಿದ್ದನು.

ಇಂದು ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆಯಲ್ಲಿ, ಗೋಡೆ ಒಡೆದ ಸ್ಥಳದ ಬಳಿ, ಮೈಸೂರು ಸರ್ಕಾರವು 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವನ್ನು ನೋಡಬಹುದು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಹೈದರನ ಪಕ್ಷದಲ್ಲಿ ಕಾದಿದ ಫ್ರೆಂಚ್ ಸೇನಾನಿ ಲಾಲಿಯು ದೂರದರ್ಶಕವನ್ನು ಹಿಡಿದು ನಿಂತಿದ್ದಾನೆ. ಅದೇ ಅರಮನೆಯಲ್ಲಿ, ಕೋಟೆ ಬಿದ್ದ ಬಳಿಕ, ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯು ವಾಸವಾಗಿದ್ದನು.

ಈ ವೆಲ್ಲೆಸ್ಲಿಯನ್ನು ಮಂಜರಾಬಾದಿನ ಸೀಮೆಯೂ ಕಂಡಿದೆ. ಬಲಂ ಸೀಮೆಯ ಪಾಳೆಯಗಾರನು ಹೊಸ ಆಳ್ವಿಕೆಗೆ ತಲೆಬಾಗದೆ, ಅರಕೆರೆಯ ದಟ್ಟವಾದ ಕಾಡನ್ನೇ ಕೋಟೆಯಾಗಿ ಮಾಡಿಕೊಂಡು ನಿಂತಾಗ, ವೆಲ್ಲೆಸ್ಲಿಯು 1802ರ ಜನವರಿಯಲ್ಲಿ ಅದನ್ನು ಮುತ್ತಿ ಹಿಡಿದನು. ಮುಂದಿನ ತಿಂಗಳು ಪಾಳೆಯಗಾರನನ್ನು ಸೆರೆಹಿಡಿದು ಗಲ್ಲಿಗೇರಿಸಿದರು. ಮಲೆನಾಡಿನ ಮಳೆಯಲ್ಲಿಯೂ ಕಾಡಿನಲ್ಲಿಯೂ ದಂಡಿಗೆ ಅಕ್ಕಿ, ಎತ್ತು, ದಾರಿಗಳನ್ನು ಒದಗಿಸುವ ವಿದ್ಯೆಯನ್ನು ಕಲಿತ ಇವನೇ ಮುಂದೆ ವೆಲಿಂಗ್ಟನ್ ಪ್ರಭುವಾಗಿ, 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದನು. ಇವನನ್ನು ಸಿಪಾಯಿಗಳ ಸೇನಾಪತಿಯೆಂದು ಆ ಚಕ್ರವರ್ತಿಯು ಹೀಯಾಳಿಸುತ್ತಿದ್ದನೆಂದು ಪ್ರತೀತಿಯುಂಟು. ವೆಲ್ಲೆಸ್ಲಿಯು 1805ರಲ್ಲಿ ಸ್ವದೇಶಕ್ಕೆ ಮರಳುವಾಗ ತಂಗಿದ್ದ ಸೇಂಟ್ ಹೆಲೀನಾ ದ್ವೀಪಕ್ಕೇ ಹತ್ತು ವರ್ಷಗಳ ತರುವಾಯ ನೆಪೋಲಿಯನ್ನನು ಸೆರೆಯಾಳಾಗಿ ಬಂದು, 1821ರಲ್ಲಿ ಅಲ್ಲಿಯೇ ಕಾಲವಾದನು.

ಈ ಸ್ಥಳಗಳನ್ನು ಒಂದರ ಬಳಿಕ ಒಂದಾಗಿ ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗದಿರದು. ಫ್ರೆಂಚರ ಯುದ್ಧವಿದ್ಯೆಯನ್ನು ಟೀಪುವು ತನ್ನ ನೆಲಕ್ಕೆ ತಂದು ತನ್ನದಾಗಿ ಮಾಡಿಕೊಂಡನು. ಅದರ ಫಲವು ಇಂದಿಗೂ ಮಂಜರಾಬಾದಿನಲ್ಲಿ ನಿಂತಿದೆ. ಅವರು ಮಾತಿನಲ್ಲಿ ಕೊಟ್ಟ ನೆರವಾದರೋ ಅವನನ್ನು ಮುಟ್ಟುವುದಕ್ಕೆ ಮೊದಲೇ ಅವನ ಶತ್ರುವನ್ನು ಎಚ್ಚರಿಸಿತು. ಪ್ಯಾರಿಸ್ಸಿನ ವಿಜಯದ್ವಾರದ ಮೇಲೆ ಈಜಿಪ್ಟಿನ ಪಿರಮಿಡ್ಡುಗಳ ಯುದ್ಧದ ಹೆಸರನ್ನು ಕೆತ್ತಿದ್ದಾರೆ. ಆ ದಂಡಯಾತ್ರೆಗೆ ಕನ್ನಡ ನಾಡು ತೆತ್ತ ಬೆಲೆಯನ್ನು ಅರಿಯಬೇಕಾದವರು ಕಾವೇರಿಯ ದಡದಲ್ಲಿ, ಒಡೆದ ಕೋಟೆಗೋಡೆಯ ಎದುರಿಗೆ, ಒಂದು ಗಳಿಗೆ ನಿಂತು ನೋಡಬೇಕು.