ತಾಳೆಗರಿಯಿಂದ ಪದಶೋಧದವರೆಗೆ

ಗ್ರಂಥವು ಇರುವುದು ಬೇರೆ, ಅದು ಓದುಗನ ಕೈಗೆ ದೊರೆಯುವುದು ಬೇರೆ. ವಚನ ಸಾಹಿತ್ಯದ ಕಳೆದ ನೂರು ವರ್ಷಗಳ ಇತಿಹಾಸವು ಈ ಅಂತರವನ್ನು ತಗ್ಗಿಸಿದವರ ಇತಿಹಾಸವೇ ಆಗಿದೆ. ಬೆಂಗಳೂರಿನ ಪೂರ್ವದಂಚಿನ ಕುಂದಲಹಳ್ಳಿಯಲ್ಲಿ ತಂತ್ರಾಂಶ ಸಂಸ್ಥೆಯ ಕೆಲಸ ಮುಗಿಸಿ ಬಂದ ಜಿಜ್ಞಾಸುವು ಇಂದು ಅಂತರ್ಜಾಲದಲ್ಲಿ ಒಂದು ಪದವನ್ನು ಬರೆದು, ಬೆಲೆ ತೆರದೆ, ನೂರಾರು ವಚನಗಳನ್ನು ಪಡೆಯಬಲ್ಲನು. ಈ ಸೌಲಭ್ಯದ ಹಿಂದಿರುವ ದುಡಿಮೆಯೂ ಅದರ ಮಿತಿಯೂ ವಿಚಾರಾರ್ಹವಾಗಿವೆ.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಅಚ್ಚಾಯಿತು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವೂ 1926ರಲ್ಲಿ 'ಶಿವಾನುಭವ' ಪತ್ರಿಕೆಯೂ ಆರಂಭವಾದವು. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಪೂಜೆಯ ಗಂಟಿನಲ್ಲಿದ್ದ ವಚನವು ಹೀಗೆ ಪುಸ್ತಕದ ಪುಟಕ್ಕೆ ಬಂದಿತು.

1993ರಲ್ಲಿ ಕರ್ನಾಟಕ ಸರ್ಕಾರವು 'ಸಮಗ್ರ ವಚನ ಸಂಪುಟ'ಗಳನ್ನು ಹೊರತಂದಿತು. ಹದಿನೈದನೆಯ ಸಂಪುಟವು ಪರಿಭಾಷಾಕೋಶವಾಗಿರುವುದು ಗಮನಾರ್ಹ. ಪದವನ್ನು ಹಿಡಿದು ವಚನದ ಒಳಹೊಗುವ ಮಾರ್ಗವನ್ನು ವಿದ್ವಾಂಸರು ಆಗಲೇ ಕಂಡಿದ್ದರು. ಆ ಮಾರ್ಗವನ್ನು ಗಣಕಯಂತ್ರಕ್ಕೆ ಅಳವಡಿಸಿದ್ದು 'ವಚನ ಸಂಚಯ'. ಓ. ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್, ಪವಿತ್ರಾ ಮೊದಲಾದವರ ಪ್ರಯತ್ನದಿಂದ 2014ರ ವೇಳೆಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಯೂನಿಕೋಡ್ ಲಿಪಿಯಲ್ಲಿ ಹುಡುಕಲು ದೊರೆತವು.

ಆದರೆ ಇಡಿಯ ಗ್ರಂಥಗಳ ಸ್ಥಿತಿ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಲಕ್ಷಾಂತರ ಪುಸ್ತಕಗಳ ಪುಟಗಳು ಚಿತ್ರರೂಪಕ್ಕೆ ಬಂದವು; ಅವುಗಳಲ್ಲಿ ಬಹುಪಾಲಿನ ಪ್ರತಿಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ಕನ್ನಡ ಗ್ರಂಥಗಳ ಹೆಸರುಗಳು ಹೆಚ್ಚಾಗಿ ರೋಮನ್ ಲಿಪಿಯಲ್ಲಿ, ಒಂದು ಕ್ರಮವಿಲ್ಲದೆ ನಮೂದಾಗಿವೆ. 'ವಚನ' ಎಂಬ ಒಂದೇ ಪದಕ್ಕೆ ಅಲ್ಲಿ ಎರಡು ಮೂರು ಕಾಗುಣಿತಗಳುಂಟು. ಕನ್ನಡದಲ್ಲಿ ಹುಡುಕಿದವನು ಬರಿಗೈಯಲ್ಲಿ ಮರಳಿ, ಗ್ರಂಥವೇ ಇಲ್ಲವೆಂದು ತಿಳಿಯುತ್ತಾನೆ. ಆದುದರಿಂದ ಹೆಸರನ್ನು ಹಲವು ವಿಧವಾಗಿ ಬರೆದು, ಗ್ರಂಥಕರ್ತ, ಸಂಪಾದಕ, ಮುದ್ರಣವರ್ಷಗಳ ಮೂಲಕವೂ ಅರಸುವುದು ಅವಶ್ಯ.

ಉಚಿತವಾಗಿ ದೊರೆತುದೆಲ್ಲವೂ ಮುಕ್ತವಾದುದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕನು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿಕೊಂಡ ವರ್ಷದ ತರುವಾಯ ಅರುವತ್ತು ವರ್ಷ ಉಳಿಯುತ್ತದೆ. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರಲ್ಲಿ; ಅವರು ಬದುಕಿದ್ದಾಗ ಪ್ರಕಟಿಸಿದ ಸ್ವಂತ ಬರಹಗಳು 2025ರ ಜನವರಿ 1ರಿಂದ ಸರ್ವರ ಸೊತ್ತಾಗಿವೆ. ಜೀವಮಾನವೆಲ್ಲ ಸವೆಸಿ ಲೋಕಕ್ಕೆ ನೀಡಿದುದು ಕಾನೂನಿನಿಂದಲೂ ಲೋಕಕ್ಕೇ ಸಂದಿತು.

ಪದಶೋಧವು ಅಕ್ಷರವನ್ನು ತೋರಿಸುತ್ತದೆ, ಅರ್ಥವನ್ನಲ್ಲ. 'ಕಾಯಕ' ಎಂದು ಬರೆದರೆ ಆ ಪದವಿರುವ ವಚನಗಳು ಬರುತ್ತವೆ. ಆ ಪದವಿಲ್ಲದೆ ಕಾಯಕವನ್ನೇ ಸಾರುವ ವಚನಗಳು ಮರೆಯಲ್ಲೇ ಉಳಿಯುತ್ತವೆ. ಹಳಕಟ್ಟಿಯವರು ಗರಿಗರಿಯನ್ನೂ ಓದಿ ಆರಿಸಿದರು. ಯಂತ್ರವು ಓದದೆ ಆರಿಸುತ್ತದೆ. ಹುಡುಕುವ ಶ್ರಮ ಇಳಿದಿದೆ. ಓದುವ ಹೊಣೆ ಇಳಿದಿಲ್ಲ. ಕುಂದಲಹಳ್ಳಿಯ ಓದುಗನಿಗೂ ಅದರಿಂದ ಬಿಡುಗಡೆಯಿಲ್ಲ.