ಪ್ರೌಢಶಾಲೆಯಲ್ಲಿ ಚರ್ಚಾಕೂಟ: ಬಾಯಿಪಾಠದಿಂದ ವಾದದತ್ತ

ಪ್ರತಿಭಾ ಕಾರಂಜಿಯ ಸುತ್ತೋಲೆ ಬಂದೊಡನೆ ಹಲವು ಪ್ರೌಢಶಾಲೆಗಳಲ್ಲಿ ಕನ್ನಡ ಶಿಕ್ಷಕರ ಕೆಲಸ ಹೆಚ್ಚುತ್ತದೆ. ಚರ್ಚಾ ಸ್ಪರ್ಧೆಗೆ ಒಬ್ಬ ವಿದ್ಯಾರ್ಥಿಯನ್ನು ಆರಿಸಬೇಕು, ಭಾಷಣ ಬರೆದುಕೊಡಬೇಕು, ಬಾಯಿಪಾಠ ಮಾಡಿಸಬೇಕು. ಸ್ಪರ್ಧೆಯ ದಿನ ವಿದ್ಯಾರ್ಥಿ ವೇದಿಕೆಯೇರಿ ಒಂದೇ ಉಸಿರಿಗೆ ಅದನ್ನು ಒಪ್ಪಿಸಿ ಇಳಿಯುತ್ತಾನೆ. ತನಗಿಂತ ಮೊದಲು ಮಾತನಾಡಿದವರು ಏನು ಹೇಳಿದರೆಂಬುದು ಅವನ ಕಿವಿಗೆ ಬಿದ್ದಿರುವುದಿಲ್ಲ. ಬೀಳಬೇಕಾದ ಅಗತ್ಯವೂ ಇರುವುದಿಲ್ಲ. ಚರ್ಚೆಯ ಹೆಸರಿನಲ್ಲಿ ನಡೆಯುವುದು ಭಾಷಣಗಳ ಮೆರವಣಿಗೆ.

ವಾರಕ್ಕೊಮ್ಮೆ ಸೇರುವ ಚರ್ಚಾಕೂಟ ಇದಕ್ಕಿಂತ ಭಿನ್ನವಾಗಿರಬೇಕಾದುದು ಇಲ್ಲಿಯೇ. ಎದುರಾಳಿಯ ಮಾತನ್ನು ಕೇಳಿ, ಅದಕ್ಕೆ ಅಲ್ಲಿಯೇ ಉತ್ತರಿಸುವುದು ಅದರ ಜೀವಾಳ. ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಭಾಷಣ ಬರೆದುಕೊಡುವ ಈ ದಿನಗಳಲ್ಲಿ, ಬರೆದುಕೊಳ್ಳಲಾಗದ ಈ ಭಾಗಕ್ಕೆ ಬೆಲೆ ಹೆಚ್ಚಿದೆ.

ಈ ಕಲೆ ನಮಗೆ ಹೊಸತೇನಲ್ಲ. ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಸತ್ಯವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡವಲಷ್ಟೇ ಹೊರಡುವುದು ವಿತಂಡ. ಮೂರನೆಯದರ ಹೆಸರು ಮಾತ್ರ ಆಡುಮಾತಿನಲ್ಲಿ ಗಟ್ಟಿಯಾಗಿ ಉಳಿದುಕೊಂಡಿದೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಂತೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಬರೆದ ಸಂಭಾಷಣೆಯ ನೆರವಿಲ್ಲದೆ ಪಾತ್ರಗಳ ಪರವಾಗಿ ವಾದಿಸುತ್ತಾರೆ. ಇಂದು ಕೌರವನ ಪಕ್ಷ ವಹಿಸಿದವರು ಇನ್ನೊಂದು ದಿನ ಕೃಷ್ಣನಾಗಿ ಅದೇ ವಾದಕ್ಕೆ ಉತ್ತರ ಕೊಡಬೇಕಾದೀತು. ಚರ್ಚಾಕೂಟಕ್ಕೂ ಇದೇ ನಿಯಮ ಒಪ್ಪುತ್ತದೆ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಸಮರ್ಥಿಸಬೇಕಾದಾಗಲೇ ವಿದ್ಯಾರ್ಥಿ ಅದನ್ನು ಮೊದಲ ಬಾರಿಗೆ ಗಂಭೀರವಾಗಿ ಯೋಚಿಸುತ್ತಾನೆ.

ಆರಂಭ ಹೇಗೆ?

ಮುಖ್ಯ ಶಿಕ್ಷಕರ ಒಪ್ಪಿಗೆ, ಆಸಕ್ತಿಯುಳ್ಳ ಒಬ್ಬ ಶಿಕ್ಷಕರು, ಹನ್ನೆರಡು ವಿದ್ಯಾರ್ಥಿಗಳು, ಒಂದು ಗಡಿಯಾರ. ಇಷ್ಟಿದ್ದರೆ ಕೂಟ ಆರಂಭವಾಗುತ್ತದೆ. ಧ್ವನಿವರ್ಧಕ ಬೇಡ, ಉದ್ಘಾಟನಾ ಸಮಾರಂಭವೂ ಬೇಡ. ಮಾರ್ಗದರ್ಶಿ ಶಿಕ್ಷಕರು ಭಾಷಾ ವಿಷಯದವರೇ ಆಗಬೇಕಿಲ್ಲ. ಸಮಾಜ ವಿಜ್ಞಾನದವರೋ ಗಣಿತದವರೋ ಆದರೆ ಅಲಂಕಾರದ ಮಾತಿಗಿಂತ ಕಾರಣಕ್ಕೆ ಹೆಚ್ಚು ಒತ್ತು ಸಿಗುವ ಸಾಧ್ಯತೆಯುಂಟು.

ಜೂನ್ ತಿಂಗಳಲ್ಲಿಯೇ ಕೂಟ ಆರಂಭವಾಗುವುದು ಲೇಸು. ಡಿಸೆಂಬರ್ ಕಳೆದರೆ ಹತ್ತನೇ ತರಗತಿಯವರು ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿಬಿಡುತ್ತಾರೆ. ಆದುದರಿಂದ ಕೂಟದ ಹೊಣೆಯನ್ನು ಒಂಬತ್ತನೇ ತರಗತಿಯವರಿಗೆ ವಹಿಸಬೇಕು. ಮಾರನೇ ವರ್ಷ ಎಂಟನೇ ತರಗತಿಗೆ ಬರುವ ಹೊಸಬರಿಗೆ ಕಲಿಸಲು ಅವರೇ ಇರುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಕೂಟ ನಡೆಸಿದರೆ ಬಸ್ಸಿನಲ್ಲಿ ಬರುವವರು ಮತ್ತು ಬಹಳಷ್ಟು ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ಶಾಲಾ ಅವಧಿಯೊಳಗೇ ಒಂದು ಪೀರಿಯಡ್ ಕೇಳಿ ಪಡೆಯುವುದು ಕಷ್ಟವಾದರೂ ಅಗತ್ಯ.

ನಲವತ್ತು ನಿಮಿಷಗಳ ಲೆಕ್ಕ

ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಷಿಪ್ 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಯಿತು. ಅಲ್ಲಿ ಪ್ರತಿ ತಂಡದಿಂದ ಮೂವರು ತಲಾ ಎಂಟು ನಿಮಿಷ ಮಾತನಾಡುತ್ತಾರೆ. ಕೊನೆಗೆ ಎರಡೂ ತಂಡಗಳಿಗೆ ನಾಲ್ಕು ನಿಮಿಷಗಳ ಉತ್ತರ ಭಾಷಣವಿರುತ್ತದೆ. ಹೊಸ ಕೂಟಕ್ಕೆ ಎಂಟು ನಿಮಿಷ ಬಲು ದೀರ್ಘ. ಅದೇ ಚೌಕಟ್ಟನ್ನು ಒಂದು ಪೀರಿಯಡ್‌ಗೆ ಕುಗ್ಗಿಸಬಹುದು. ವಿಷಯವನ್ನು ಹಿಂದಿನ ವಾರವೇ ಪ್ರಕಟಿಸಿ, ಪಕ್ಷದ ಚೀಟಿಯನ್ನು ಮಾತ್ರ ಅಂದು ಎತ್ತಬೇಕು. ಸಿದ್ಧತೆಗೆ ಐದು ನಿಮಿಷ, ಆರು ಮಂದಿಗೆ ತಲಾ ಮೂರರಂತೆ ಹದಿನೆಂಟು, ಎರಡು ಉತ್ತರ ಭಾಷಣಗಳಿಗೆ ನಾಲ್ಕು, ಸಭಿಕರ ಪ್ರಶ್ನೆಗಳಿಗೆ ಐದು, ತೀರ್ಪಿಗೆ ಐದು. ಒಟ್ಟು ಮೂವತ್ತೇಳು. ಉಳಿದ ಮೂರು ನಿಮಿಷ ಬೆಂಚು ಸರಿಸುವುದಕ್ಕೆ ಹೋಗುತ್ತದೆ.

ಮೊದಲ ಭಾಷಣಕಾರನನ್ನು ಬಿಟ್ಟು ಉಳಿದವರೆಲ್ಲರೂ ಎದುರು ಪಕ್ಷದ ಒಂದಾದರೂ ಅಂಶವನ್ನು ಹೆಸರಿಸಿ, ಅದು ಏಕೆ ಸರಿಯಲ್ಲವೆಂದು ಹೇಳಿ ಮುಂದುವರಿಯಬೇಕು. ಎದುರಾಳಿಯ ಮಾತನ್ನು ತಿರುಚದೆ ಹೇಳಬೇಕೆಂಬುದು ಜೊತೆಗಿನ ಷರತ್ತು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವೆಂದು ಕರೆದುದು ಇದನ್ನೇ. ಮೊದಲ ಕೆಲವು ವಾರ ಇದು ತೊದಲುತ್ತದೆ. ಕಾಗದ ನೋಡಿ ಓದುವವರು ಹೆಚ್ಚಿರುತ್ತಾರೆ. ಪೂರ್ಣ ಭಾಷಣವನ್ನು ಬಿಟ್ಟು ನಾಲ್ಕೈದು ಪದಗಳ ಟಿಪ್ಪಣಿಗೆ ಮಾತ್ರ ಅನುಮತಿ ಕೊಟ್ಟರೆ ಆ ಚಟ ಕ್ರಮೇಣ ಬಿಡುತ್ತದೆ.

ವಿಷಯದ ಆಯ್ಕೆ

‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯದ ಮೇಲೆ ಇಂದಿನ ವಿದ್ಯಾರ್ಥಿಗಳ ತಂದೆತಾಯಿಯರೂ ಮಾತನಾಡಿದ್ದಾರೆ. ಎರಡೂ ಹೌದೆಂದು ಮುಗಿಯುವ ಇಂತಹ ವಿಷಯಗಳಲ್ಲಿ ವಾದಕ್ಕೆ ಹಿಡಿ ಸಿಗುವುದಿಲ್ಲ. ಏನು ಮಾಡಬೇಕು, ಯಾರು ಮಾಡಬೇಕು ಎಂಬುದು ಖಚಿತವಾಗಿರುವ ವಾಕ್ಯ ಬೇಕು. ‘ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ರದ್ದುಪಡಿಸಬೇಕು’, ‘ಬಿಸಿಯೂಟದಲ್ಲಿ ಏನು ಬಡಿಸಬೇಕೆಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಬೇಕು’, ‘ಶಾಲಾ ಸಮವಸ್ತ್ರ ಬೇಡ’ ಎಂಬಂಥವು ಮಕ್ಕಳ ಅನುಭವದೊಳಗೇ ಇವೆ.

ಜಾತಿ, ಧರ್ಮ, ಪಕ್ಷ ರಾಜಕಾರಣದ ವಿಷಯಗಳಿಗೆ ಮುಖ್ಯ ಶಿಕ್ಷಕರು ಹಿಂಜರಿಯುವುದು ಸಹಜ. ಆರಂಭದಲ್ಲಿ ಅವನ್ನು ದೂರವಿಡುವುದರಲ್ಲಿ ತಪ್ಪಿಲ್ಲ. ಆದರೆ ಮೂರು ವರ್ಷವೂ ಪ್ಲಾಸ್ಟಿಕ್ ನಿಷೇಧವನ್ನೇ ಚರ್ಚಿಸುವ ಕೂಟದಿಂದ ಮಕ್ಕಳು ತಾವಾಗಿಯೇ ದೂರ ಸರಿಯುತ್ತಾರೆ. ವಿಷಯ ಯಾವುದೇ ಇರಲಿ, ವ್ಯಕ್ತಿಯನ್ನಾಗಲಿ ಮನೆತನವನ್ನಾಗಲಿ ಎತ್ತಿ ಆಡಿದರೆ ಸಭಾಧ್ಯಕ್ಷರು ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಯಾರ ಕನ್ನಡ?

ತೀರ್ಪುಗಾರರು ಹಲವೆಡೆ ಉಚ್ಚಾರಣೆ, ಹಾವಭಾವಗಳಿಗೆ ಧಾರಾಳವಾಗಿ ಅಂಕ ಕೊಡುತ್ತಾರೆ. ಮನೆಯಲ್ಲಿ ಬೇರೆ ಭಾಷೆಯಾಡುವ, ಇಲ್ಲವೇ ಅಕಾರ ಹಕಾರ ಅದಲುಬದಲಾಗುವ ವಿದ್ಯಾರ್ಥಿ ಒಮ್ಮೆ ನಗೆಗೀಡಾದರೆ ಮತ್ತೆ ಎದ್ದು ನಿಲ್ಲುವುದಿಲ್ಲ. ಕೂಟದೊಳಗೆ ಊರಿನ ಆಡುಮಾತಿಗೆ ಮುಕ್ತ ಅವಕಾಶವಿರಬೇಕು. ನೂರು ಅಂಕಗಳಲ್ಲಿ ನಲವತ್ತು ವಾದದ ಸತ್ವಕ್ಕೆ, ನಲವತ್ತು ಖಂಡನೆಗೆ, ಇಪ್ಪತ್ತು ಮಾತ್ರ ಶೈಲಿಗೆ ಎಂದು ಮೊದಲೇ ಪ್ರಕಟಿಸಿದರೆ ಹಿಂದಿನ ಬೆಂಚಿನವರೂ ಧೈರ್ಯ ತಾಳುತ್ತಾರೆ. ತೀರಾ ಮೌನಿಗಳು ಮೊದಲು ಸಮಯಪಾಲಕರಾಗಲಿ, ಅನಂತರ ಸಭಿಕರ ಸಾಲಿನಿಂದ ಒಂದು ಪ್ರಶ್ನೆ ಕೇಳಲಿ.

ಕೂಟ ನೆಲೆಯೂರಿದ ಮೇಲೆ ನೆರೆಯ ಶಾಲೆಯನ್ನು ಆಹ್ವಾನಿಸಬಹುದು. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966ರಲ್ಲಿ ದೆಹಲಿಯ ಶಾಲೆಗಳಲ್ಲಿ ಆರಂಭಿಸಿದ ಯುವ ಸಂಸತ್ತಿನ ಮಾದರಿಯಲ್ಲಿ ಪ್ರಶ್ನೋತ್ತರ ವೇಳೆಯನ್ನು ತರಗತಿಯಲ್ಲಿಯೇ ನಡೆಸಬಹುದು. ಪ್ರತಿಭಾ ಕಾರಂಜಿಗೆ ಹೆಸರು ಕಳುಹಿಸುವ ಹೊತ್ತಿಗೆ ಶಿಕ್ಷಕರ ಮುಂದೆ ಒಬ್ಬರಿಗೆ ಬದಲಾಗಿ ಏಳೆಂಟು ಮಂದಿ ಇರುತ್ತಾರೆ. ಭಾಷಣ ಬರೆದುಕೊಡುವ ಕೆಲಸ ಮಾತ್ರ ಇರುವುದಿಲ್ಲ.