ನ್ಯೂರೆಂಬರ್ಗ್‌ನ ಕ್ರಿಸ್ಮಸ್ ಸಂತೆ: ಜೇನು ಅವರದು, ಮೆಣಸು ನಮ್ಮದು

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಬೇಳದ ಇಗರ್ಜಿಯ ಕಡೆಯಿರುವ ನೆರೆಮನೆಯಿಂದ ನಮ್ಮ ಮನೆಗೆ ಕುಸ್ವಾರದ ತಟ್ಟೆ ಬರುತ್ತದೆ. ನೆವ್ರಿ, ಕಿಡಿಯೊ, ಗುಲಾಬಿ ಹೂವಿನಂಥ ಕೊಕ್ಕಿಸ್, ಮೇಲೊಂದು ಬಾಳೆಲೆಯ ಚೂರು. ಇದು ನನ್ನ ಅಜ್ಜನ ಕಾಲದಿಂದ ನಡೆದು ಬಂದ ಕ್ರಮ. ಕಳೆದ ಸಲ ಅದೇ ವಾರದಲ್ಲಿ ಇನ್ನೊಂದು ತಿಂಡಿಯೂ ಬಂತು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜೆಯಲ್ಲಿ ಊರಿಗೆ ಬರುವಾಗ ಅಲ್ಲಿಯ ಕ್ರಿಸ್ಮಸ್ ಸಂತೆಯಿಂದ ಚಿತ್ರವಿರುವ ಒಂದು ತಗಡಿನ ಡಬ್ಬಿ ತಂದಿದ್ದ. ಒಳಗೆ ಕಂದು ಬಣ್ಣದ ದುಂಡಗಿನ ತಿಂಡಿ. ಅದರ ಹೆಸರು ಲೇಬ್‌ಕೂಖೆನ್.

ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಇದು ಎಲ್ಲಿಯದು?"

"ಜರ್ಮನಿಯದು ಅಜ್ಜಿ."

"ಜರ್ಮನಿಯದೋ? ಇದರಲ್ಲಿ ಲವಂಗ ಉಂಟು, ಚೆಕ್ಕೆ ಉಂಟು, ಏಲಕ್ಕಿ ಉಂಟು, ಶುಂಠಿಯೂ ಉಂಟು. ಜರ್ಮನಿಯದು ಎಂತ ಉಂಟು ಇದರಲ್ಲಿ?"

ಹುಡುಗ ನಕ್ಕುಬಿಟ್ಟ. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ತಿಳಿದ ಸಂಗತಿಗಳನ್ನು ಈ ವಾರ್ಷಿಕದ ಓದುಗರ ಮುಂದಿಡುತ್ತಿದ್ದೇನೆ. ಎರಡು ಭಾಷೆಗಳ ನಡುವೆ, ಒಂದು ಗಡಿಯ ಮೇಲೆ ಬದುಕುವ ನಮಗೆ ಆ ದೂರದ ಸಂತೆಯ ಕಥೆಯಲ್ಲಿ ನಮ್ಮ ವಿಚಾರವೂ ಸ್ವಲ್ಪ ಇದೆ ಎಂದು ನನ್ನ ಭಾವನೆ.

ಮೊದಲು ಆ ಸಂತೆಯಲ್ಲಿ ಒಂದು ಸುತ್ತು ಬರೋಣ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಜರ್ಮನಿಯ ಊರೂರಲ್ಲಿ ಇಂಥ ಸಂತೆ ಕೂಡುತ್ತದೆ. ಡ್ರೆಸ್‌ಡೆನ್ ನಗರದ್ದು 1434ರಷ್ಟು ಹಳೆಯದು. ಈಗ ಫ್ರಾನ್ಸಿಗೆ ಸೇರಿದ ಸ್ಟ್ರಾಸ್‌ಬರ್ಗ್‌ನದು 1570ರದು. ಆದರೆ ಹೆಸರು ಹೋದದ್ದು ಹೆಚ್ಚಾಗಿ ನ್ಯೂರೆಂಬರ್ಗ್‌ನ 'ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್'ನದೇ. ಬಾಲಯೇಸುವಿನ ಸಂತೆ ಎಂದು ಅದರ ಅರ್ಥ. ಹಿಂದೆ ಅಲ್ಲಿ ಮಕ್ಕಳಿಗೆ ಉಡುಗೊರೆ ಕೊಡುತ್ತಿದ್ದುದು ಡಿಸೆಂಬರ್ 6ರ ಸಂತ ನಿಕೊಲಾಸನ ಹಬ್ಬಕ್ಕೆ. ಸಂತರ ಆರಾಧನೆ ಒಪ್ಪದ ಮಾರ್ಟಿನ್ ಲೂಥರನ ಕಾಲದ ನಂತರ ಆ ಪದ್ಧತಿ ಕ್ರಿಸ್ಮಸ್‌ಗೆ ಸರಿಯಿತು, ಉಡುಗೊರೆ ತರುವವನು ಬಾಲಯೇಸು ಎಂದಾಯಿತು. ನ್ಯೂರೆಂಬರ್ಗ್ 1525ರಲ್ಲೇ ಲೂಥರನ ಮತಕ್ಕೆ ಸೇರಿದ ನಗರ.

ಹಳೆಯ ಪೇಟೆಯ ಮುಖ್ಯ ಚೌಕದಲ್ಲಿ ಸುಮಾರು 180 ಮರದ ಗೂಡಂಗಡಿಗಳು. ಮೇಲೆ ಕೆಂಪು-ಬಿಳಿ ಪಟ್ಟೆಯ ಬಟ್ಟೆಯ ಮಾಡು. ಪ್ಲಾಸ್ಟಿಕ್ ತೋರಣಕ್ಕೆ ಇಲ್ಲಿ ಜಾಗವಿಲ್ಲ. ಒಂದು ಕಡೆ ಬೆರಳುದ್ದದ ಹಂದಿಮಾಂಸದ ಸಾಸೇಜ್ ಕೆಂಡದ ಮೇಲೆ ಸುಡುತ್ತಿರುತ್ತದೆ. ತೂಕ 20ರಿಂದ 25 ಗ್ರಾಮ್, ಉದ್ದ 7ರಿಂದ 9 ಸೆಂಟಿಮೀಟರ್ ಎಂಬುದಕ್ಕೂ ಅಲ್ಲಿ ನಿಯಮವಿದೆ. ಒಂದು ಬನ್ನಿನೊಳಗೆ ಮೂರು ಇಟ್ಟು ಕೊಡುತ್ತಾರೆ. ಮತ್ತೊಂದು ಕಡೆ ಚೆಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಬಿಸಿ ಮಾಡಿದ ಕೆಂಪು ದ್ರಾಕ್ಷಾರಸದ ಹಬೆ. ಅದನ್ನು ಪಿಂಗಾಣಿ ಲೋಟದಲ್ಲಿ ಕೊಡುತ್ತಾರೆ. ಲೋಟಕ್ಕೆ ಠೇವಣಿ ಹಣ ಇಡಬೇಕು. ಮರಳಿಸಿದರೆ ಹಣ ವಾಪಸು, ಮನೆಗೆ ಒಯ್ದರೆ ಅದೇ ನೆನಪಿನ ಕಾಣಿಕೆ. ಮಕ್ಕಳಿಗೆ ಮದ್ಯವಿಲ್ಲದ ಹಣ್ಣಿನ ರಸ ಬೇರೆ ಇದೆ.

ಉಡುಗೊರೆಗಳ ಸಾಲಿನಲ್ಲಿ ಮರದ ಆಟಿಕೆ, ಗಾಜಿನ ಗುಂಡು, ಮೇಣದ ಬತ್ತಿ. ಒಣಗಿದ ಪ್ಲಮ್ ಹಣ್ಣನ್ನು ತಂತಿಗೆ ಪೋಣಿಸಿ, ಆಕ್ರೋಡು ಕಾಯಿಯ ತಲೆ ಇಟ್ಟು, ಬಟ್ಟೆ ತೊಡಿಸಿದ ಪುಟ್ಟ ಗೊಂಬೆಗಳು ಈ ಊರಿನ ವಿಶೇಷ. ಇನ್ನೊಂದು, ತೆಳುವಾದ ಹಿತ್ತಾಳೆ ಹಾಳೆಯ ನೆರಿಗೆ ಲಂಗ ತೊಟ್ಟ ಬಂಗಾರದ ದೇವದೂತೆ. ಮಗಳನ್ನು ಕಳೆದುಕೊಂಡ ಗೊಂಬೆಗಾರನೊಬ್ಬ ಅವಳ ನೆನಪಿಗೆ ಅದನ್ನು ಮೊದಲು ಮಾಡಿದನೆಂದು ಕಥೆ. ಕುಂಬಳೆ ಬೆಡಿಯ ರಾತ್ರಿ ಅಪ್ಪನ ಕೈಹಿಡಿದು ಬಳೆಯಂಗಡಿ, ಆಟಿಕೆಯಂಗಡಿಗಳ ನಡುವೆ ನಡೆದವರಿಗೆ ಆ ಸಂತೆ ಎಂಥದೆಂದು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಲೇಬ್‌ಕೂಖೆನ್. ಇಗರ್ಜಿಯ ಪೂಜೆಯಲ್ಲಿ ಕೊಡುವ ಓಸ್ತಿಯಂಥ ತೆಳುವಾದ ಹಾಳೆಯ ಮೇಲೆ ಜೇನು, ಬೀಜಗಳ ಪುಡಿ ಮತ್ತು ಮಸಾಲೆಯ ಹಿಟ್ಟನ್ನಿಟ್ಟು ಬೇಯಿಸುತ್ತಾರೆ. 'ಎಲಿಸೆನ್' ಎಂಬ ಉತ್ತಮ ಜಾತಿಯಲ್ಲಿ ಬಾದಾಮಿ, ಹೇಝಲ್, ಆಕ್ರೋಡು ಮೊದಲಾದ ಬೀಜಗಳು ಕನಿಷ್ಠ ನೂರಕ್ಕೆ 25 ಭಾಗ ಇರಬೇಕು, ಹಿಟ್ಟು 10 ಭಾಗ ಮೀರಬಾರದು. ಜೇನು ಮಾತ್ರ ಹಿಂದೆ ಊರಿನದೇ. ನ್ಯೂರೆಂಬರ್ಗ್ ಸುತ್ತಲಿನ ಅರಸುಗಾಡಿನಲ್ಲಿ ಜೇನು ತೆಗೆಯುವ ಹಕ್ಕು ಪಡೆದ ಕುಲಗಳೇ ಇದ್ದವು. 1643ರಲ್ಲಿ ಈ ತಿಂಡಿ ಮಾಡುವವರ ಪ್ರತ್ಯೇಕ ವೃತ್ತಿಸಂಘ ಏರ್ಪಟ್ಟಿತು. 1996ರಲ್ಲಿ ಯುರೋಪಿಯನ್ ಒಕ್ಕೂಟವು, ನ್ಯೂರೆಂಬರ್ಗ್‌ನ ಹೊರಗೆ ಮಾಡಿದ್ದಕ್ಕೆ ಆ ಹೆಸರು ಸಲ್ಲದು ಎಂದು ಕಾನೂನಿನ ರಕ್ಷಣೆ ಕೊಟ್ಟಿತು.

ಹೆಸರು ಅವರದಾಯಿತು. ಮಸಾಲೆ? ಅದರ ಉತ್ತರ ಅದೇ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮಾರ್ಟಿನ್ ಬೆಹೈಮ್ ಎಂಬವನು 1492ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಮಾಡಿಸಿದ ಭೂಗೋಲ ಅಲ್ಲಿದೆ. ಉಳಿದು ಬಂದ ಭೂಗೋಲಗಳಲ್ಲಿ ಅದೇ ಅತ್ಯಂತ ಹಳೆಯದು. ಕೊಲಂಬಸ್ ಇನ್ನೂ ಹಿಂತಿರುಗಿರಲಿಲ್ಲವಾದ್ದರಿಂದ ಅದರಲ್ಲಿ ಅಮೆರಿಕವಿಲ್ಲ. ಆದರೆ ಪೂರ್ವದೇಶದ ಸಂಬಾರ ಪದಾರ್ಥಗಳು ಎಷ್ಟು ಕೈ ದಾಟಿ, ಎಷ್ಟು ಸುಂಕ ತೆತ್ತು ಜರ್ಮನಿಗೆ ಬರುತ್ತವೆ ಎಂಬ ವಿವರವನ್ನು ಗೋಲದ ಮೇಲೆಯೇ ಬರೆದಿದ್ದಾರೆ. ಮಲಬಾರಿನ ಮೆಣಸು, ಏಲಕ್ಕಿ, ಶುಂಠಿ, ಸಿಲೋನಿನ ಚೆಕ್ಕೆ, ಇನ್ನೂ ಆಚೆಯ ದ್ವೀಪಗಳ ಲವಂಗ, ಜಾಯಿಕಾಯಿ ಅರಬರ ಕೈಯಿಂದ ವೆನಿಸ್‌ಗೆ, ಅಲ್ಲಿಂದ ಹಿಮಪರ್ವತ ದಾಟಿ ನ್ಯೂರೆಂಬರ್ಗ್‌ಗೆ ಹೋಗುತ್ತಿದ್ದವು. ಜರ್ಮನ್ ಭಾಷೆಯಲ್ಲಿ ಸಿರಿವಂತ ವರ್ತಕನಿಗೆ ಹಾಸ್ಯದ ಹೆಸರೇ 'ಮೆಣಸಿನ ಚೀಲ'. ಈ ತಿಂಡಿಗೂ 'ಮೆಣಸಿನ ರೊಟ್ಟಿ' ಎಂಬ ಇನ್ನೊಂದು ಹೆಸರುಂಟು. ಆಗ ದೂರದಿಂದ ಬಂದ ಮಸಾಲೆಗೆಲ್ಲ ಅವರು ಮೆಣಸೆಂದೇ ಹೇಳುತ್ತಿದ್ದರು.

1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ನೌಕಾಪಡೆ ಹೊರಟಾಗ ಅದರ ಮೂರು ಹಡಗುಗಳಲ್ಲಿ ಜರ್ಮನ್ ವರ್ತಕರ ಹಣವಿತ್ತು. ಅವರಲ್ಲಿ ನ್ಯೂರೆಂಬರ್ಗ್‌ನ ಇಮ್‌ಹಾಫ್, ಹಿರ್ಷ್‌ಫೋಗೆಲ್ ಮನೆತನಗಳೂ ಇದ್ದವು. ಆ ಪಡೆ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟು, ಕಣ್ಣೂರಿನಲ್ಲಿ ಕೋಟೆಗೆ ಅಡಿಪಾಯ ಹಾಕಿ, ಕೊಚ್ಚಿಯಲ್ಲಿ ಮೆಣಸು ತುಂಬಿಸಿಕೊಂಡಿತು. ಹೊನ್ನಾವರಕ್ಕೂ ಕಣ್ಣೂರಿಗೂ ನಡುವಿನ ಕರಾವಳಿ ನಮ್ಮದು. ಹಬ್ಬದ ತಿಂಡಿಯ ಪರಿಮಳದ ಹಿಂದೆ ಆ ಹೊಗೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ಪೋರ್ಚುಗೀಸರು ತಂದ ಅಮೆರಿಕದ ಮೆಣಸಿನಕಾಯಿ ನಮ್ಮ ಅಡುಗೆಮನೆ ಹೊಕ್ಕಿತು. ಹಳೆಯ ಮೆಣಸು ಕನ್ನಡದಲ್ಲಿ 'ಒಳ್ಳೆಮೆಣಸು', ತುಳುವಿನಲ್ಲಿ 'ಎಡ್ಡೆಮುಂಚಿ', ಮಲಯಾಳದಲ್ಲಿ 'ನಲ್ಲಮುಳಕ್' ಆಗಿ ಉಳಿಯಿತು. ಮೂರು ಭಾಷೆಗಳೂ ಒಂದೇ ರೀತಿ ಯೋಚಿಸಿದ್ದು ಗಮನಿಸತಕ್ಕದ್ದು.

ಆ ಸಂತೆ ಕೂಡುವ ಚೌಕಕ್ಕೂ ಒಂದು ಚರಿತ್ರೆಯಿದೆ. ಅದು ಸಿಹಿಯಲ್ಲ. ಅಲ್ಲಿ ಮೊದಲು ಇದ್ದದ್ದು ಯಹೂದ್ಯರ ಕೇರಿ. 1349ರ ನವೆಂಬರಿನಲ್ಲಿ ದೊರೆ ನಾಲ್ಕನೆಯ ಕಾರ್ಲ್ ಆ ಮನೆಗಳನ್ನು ಕೆಡವಿ ಮಾರುಕಟ್ಟೆ ಮಾಡಲು ನಗರಕ್ಕೆ ಅನುಮತಿ ಕೊಟ್ಟ. ಡಿಸೆಂಬರ್ 5ರಂದು, ಅಂದರೆ ಸಂತ ನಿಕೊಲಾಸನ ಹಬ್ಬದ ಮುನ್ನಾದಿನ, ಆ ಕೇರಿಯ ಕನಿಷ್ಠ 562 ಮಂದಿಯನ್ನು ಕೊಂದರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಮಾತೆ ಮರಿಯಳ ಇಗರ್ಜಿ ಎದ್ದಿತು. ಆಮೇಲೆ ಮತ್ತೆ ಬಂದು ನೆಲೆಸಿದ ಯಹೂದ್ಯರನ್ನು 1499ರಲ್ಲಿ ಪೂರ್ತಿ ಹೊರಹಾಕಿದರು. ಮುಂದೆ ಒಬ್ಬ ಯಹೂದ್ಯ ಆ ಊರಿನ ಪೌರನಾಗಬೇಕಾದರೆ 1850 ಬರಬೇಕಾಯಿತು.

ಸಂತೆಯ ಬಗ್ಗೆ ಸಿಗುವ ಅತಿ ಹಳೆಯ ಕುರುಹು ಅದೇ ವಸ್ತುಸಂಗ್ರಹಾಲಯದಲ್ಲಿರುವ, ಹೂವಿನ ಚಿತ್ರ ಬರೆದ ಒಂದು ಮರದ ಪೆಟ್ಟಿಗೆ. 1628ರ 'ಬಾಲಯೇಸುವಿನ ಸಂತೆ'ಯಿಂದ ಕಳಿಸಿದ್ದೆಂದು ಅದರ ತಳದಲ್ಲಿ ಬರೆದಿದೆ. ಮೂವತ್ತು ವರ್ಷಗಳ ಮಹಾಯುದ್ಧ ಜರ್ಮನಿಯನ್ನು ಸುಡುತ್ತಿದ್ದ ಕಾಲ ಅದು. ಆಗಲೂ ಯಾರೋ ಯಾರಿಗೋ ಸಂತೆಯಿಂದ ಒಂದು ಪೆಟ್ಟಿಗೆ ಕೊಂಡು ಕಳಿಸಿದ್ದಾರೆ. 1737ರ ಹೊತ್ತಿಗೆ ಊರಿನ ಬಹುಪಾಲು ಕುಶಲಕರ್ಮಿಗಳು ಅಲ್ಲಿ ಅಂಗಡಿ ಹೂಡುತ್ತಿದ್ದರು. ಸುಮಾರು 140 ಜನರಿಗೆ ಆ ಹಕ್ಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂತೆ ಕಳೆಗುಂದಿ, 1898ರಲ್ಲಿ ಚೌಕ ಬಿಟ್ಟು ಊರಿನ ಬೇರೆ ಬೇರೆ ಮೂಲೆಗಳಿಗೆ ಅಲೆಯಿತು.

ಅದನ್ನು ಚೌಕಕ್ಕೆ ಮರಳಿ ತಂದದ್ದು 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು. ಚೌಕಕ್ಕೆ ಹಿಟ್ಲರನ ಹೆಸರಿಟ್ಟಿದ್ದರು. ಅಚ್ಚ ಜರ್ಮನ್ ಸಂಪ್ರದಾಯದ ಪ್ರದರ್ಶನವಾಗಿ ಸಂತೆಯನ್ನು ವೈಭವದಿಂದ ನಡೆಸಿದರು. ಬಾಲಯೇಸುವಿನ ವೇಷದ ಹೆಣ್ಣೊಬ್ಬಳು ಮರಿಯಳ ಇಗರ್ಜಿಯ ಉಪ್ಪರಿಗೆಯಲ್ಲಿ ನಿಂತು ಸಂತೆಯನ್ನು ಪದ್ಯದಲ್ಲಿ ಸಾರುವ ಪದ್ಧತಿ ಆಗಲೇ ಶುರುವಾಯಿತು. ಇಂದು ಎಲ್ಲರೂ ಪುರಾತನವೆಂದು ತಿಳಿದಿರುವ ಆ ದೃಶ್ಯಕ್ಕೆ ನೂರು ವರ್ಷವೂ ಆಗಿಲ್ಲ. ಎರಡು ವರ್ಷಗಳ ನಂತರ, 1935ರಲ್ಲಿ, ರಕ್ತಶುದ್ಧಿಯ ಹೆಸರಿನ ಕಾನೂನುಗಳನ್ನು ಇದೇ ಊರಿನಲ್ಲಿ ಘೋಷಿಸಿದರು. 1938ರ ಆಗಸ್ಟ್‌ನಲ್ಲಿ ಊರಿನ ದೊಡ್ಡ ಯಹೂದ್ಯ ಮಂದಿರವನ್ನು ಹಾಡುಹಗಲೇ ಕೆಡವಿದರು. ಯುದ್ಧ ಶುರುವಾದಾಗ ಸಂತೆಯೂ ನಿಂತಿತು. 1945ರ ಜನವರಿ 2ರ ರಾತ್ರಿ ಬಾಂಬಿನ ಮಳೆಗೆ ಹಳೆಯ ಪೇಟೆಯ ಹೆಚ್ಚಿನ ಭಾಗ ಬೂದಿಯಾಯಿತು.

1948ರಲ್ಲಿ, ಕುಸಿದ ಗೋಡೆಗಳ ನಡುವೆ ಜನ ಮತ್ತೆ ಸಂತೆ ಕೂಡಿಸಿದರು. ಫ್ರೀಡ್ರಿಷ್ ಬ್ರೋಗರ್ ಹೊಸ ಪದ್ಯ ಬರೆದುಕೊಟ್ಟ. ಬಾಲಯೇಸುವಿನ ಪಾತ್ರವನ್ನು ಮೊದಲು ನಟಿಯರು ಮಾಡುತ್ತಿದ್ದರು. 1969ರಿಂದ ಎರಡು ವರ್ಷಕ್ಕೊಮ್ಮೆ ಊರಿನ ಹದಿಹರೆಯದ ಹುಡುಗಿಯೊಬ್ಬಳನ್ನು ಆರಿಸುತ್ತಾರೆ.

2019ರಲ್ಲಿ ಆಯ್ಕೆಯಾದವಳು 17 ವರ್ಷದ ಬೆನಿಗ್ನಾ ಮುನ್ಸಿ. ಅವಳ ತಂದೆ ಭಾರತ ಮೂಲದವರು. ಒಂದು ರಾಜಕೀಯ ಪಕ್ಷದ ಸ್ಥಳೀಯ ಘಟಕ ಅವಳ ಮೈಬಣ್ಣ ಮತ್ತು ಮೂಲವನ್ನು ಕುರಿತು ಕುಹಕವಾಡಿತು. ಊರು ಸುಮ್ಮನಿರಲಿಲ್ಲ. ಎಲ್ಲ ಕಡೆಯಿಂದ ಹುಡುಗಿಗೆ ಬೆಂಬಲ ಬಂತು, ಆಡಿದ ಮಾತನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. ಆಗಮನ ಕಾಲದ ಮೊದಲ ಭಾನುವಾರದ ಹಿಂದಿನ ಶುಕ್ರವಾರ ಸಂಜೆ ಬಂಗಾರದ ಗುಂಗುರು ಕೂದಲಿನ ಕಿರೀಟ ತೊಟ್ಟು ಅವಳು ಆ ಉಪ್ಪರಿಗೆಯಲ್ಲಿ ನಿಂತಳು. ಯಹೂದ್ಯರ ಮಂದಿರ ಕೆಡವಿದ ಜಾಗ ಅದು, ಅಚ್ಚತನದ ಘೋಷಣೆ ಕೂಗಿದ ಚೌಕ ಅದು. ಮುಂದಿನ ಎರಡು ವರ್ಷ ಕೊರೋನಾ ರೋಗದಿಂದಾಗಿ ಸಂತೆ ನಡೆಯಲಿಲ್ಲ. ಈಗ ಮತ್ತೆ ಕೂಡುತ್ತಿದೆ.

ನಮಗೆ ಜರ್ಮನಿಯ ನಂಟು ಹೊಸತಲ್ಲ. ಈ ವಾರ್ಷಿಕದ ಎರಡು ಭಾಷೆಗಳಿಗೂ ಮಹಾನಿಘಂಟು ಕೊಟ್ಟವರು ಜರ್ಮನರು: ಮಲಯಾಳಕ್ಕೆ ಗುಂಡರ್ಟ್ 1872ರಲ್ಲಿ, ಕನ್ನಡಕ್ಕೆ ಕಿಟೆಲ್ 1894ರಲ್ಲಿ. ಎರಡೂ ಅಚ್ಚಾದದ್ದು ಮಂಗಳೂರಿನಲ್ಲೇ. ಇತ್ತ 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಇಂಗ್ಲೆಂಡಿನ ಮಾದರಿ ನೋಡಿ, ಊರಿನ ಸಾಮಗ್ರಿ ಹಾಕಿ ಕ್ರಿಸ್ಮಸ್ ಕೇಕು ಸುಟ್ಟನೆಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ.

1956ರಲ್ಲಿ ರಾಜ್ಯಗಳ ಗಡಿ ಗೆರೆ ಬಿದ್ದಂದಿನಿಂದ ನಾವು ನಮ್ಮ ಭಾಷೆಯನ್ನು ಕಾಯುತ್ತಾ ಬಂದಿದ್ದೇವೆ. ಶಾಲೆಯಲ್ಲಿ ಕನ್ನಡ ಉಳಿಯಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಬೆಲೆ ಇರಬೇಕು. ಅದರಲ್ಲಿ ರಾಜಿಯಿಲ್ಲ. ಆದರೆ ಕಾಯುವ ಭರದಲ್ಲಿ, ನಮ್ಮ ಮಾತಿನಲ್ಲಿ ತುಳು ಬಂತು, ಮಲಯಾಳ ಬಂತು, ಇದು ಅಚ್ಚ ಕನ್ನಡವಲ್ಲ ಎಂದು ನಮ್ಮ ಮಕ್ಕಳನ್ನೇ ಗದರಿಸುವುದೂ ಉಂಟು. ಗಡಿಯಾಚೆಯ ಬಂಧುಗಳು ನಮ್ಮ ಮಾತು ಕೇಳಿ ನಗುವುದೂ ಉಂಟು. ನ್ಯೂರೆಂಬರ್ಗ್‌ನಲ್ಲಿ 1444ರಲ್ಲಿ ಕೇಸರಿಗೆ ಕಲಬೆರಕೆ ಮಾಡಿದವನೊಬ್ಬನನ್ನು ಅವನ ಸರಕಿನೊಡನೆ ಸುಟ್ಟರಂತೆ. ವ್ಯಾಪಾರದಲ್ಲಿ ಮೋಸದ ಕಲಬೆರಕೆ ಬೇರೆ, ಅಡುಗೆಮನೆಯ ಬೆರಕೆ ಬೇರೆ. ಆ ಊರು ಮನುಷ್ಯರ ವಿಷಯದಲ್ಲಿ ಇವೆರಡನ್ನೂ ಒಂದೇ ಎಂದುಕೊಂಡಾಗಲೆಲ್ಲ ಅದರ ಚೌಕ ಮಸಣವಾಯಿತು. ತಿಂಡಿ ಮಾತ್ರ ದೂರದ ಏಲಕ್ಕಿಯನ್ನೂ ಕಾಡಿನ ಜೇನನ್ನೂ ಕೂಡಿಸಿಕೊಂಡೇ ಆ ಊರಿನ ಹೆಸರು ಉಳಿಸಿತು.

ಇಷ್ಟನ್ನೂ ಅಮ್ಮನಿಗೆ ನನಗೆ ತಿಳಿದಂತೆ ಹೇಳಿದೆ. ಅವಳು ಕೊನೆಗೆ, "ಹಾಗಾದರೆ ಜೇನು ಅವರದ್ದು, ಉಳಿದದ್ದು ನಮ್ಮ ಕಡೆಯದ್ದು," ಎಂದಳು. ಕುಸ್ವಾರದ ತಟ್ಟೆ ತೊಳೆದಿಟ್ಟಿತ್ತು. ಬಂದ ತಟ್ಟೆಯನ್ನು ಬರಿದಾಗಿ ಕಳಿಸುವ ಕ್ರಮ ನಮ್ಮಲ್ಲಿಲ್ಲ. ನಾಲ್ಕು ಚಕ್ಕುಲಿಯ ಪಕ್ಕ ಎರಡು ಲೇಬ್‌ಕೂಖೆನ್ ಇಟ್ಟು ಮೊಮ್ಮಗನ ಕೈಗೆ ಕೊಟ್ಟಳು: "ಬಾಯಿಗೆ ಕೊಟ್ಟು ಬಾ. ಎಲ್ಲಿಯದು ಅಂತ ಕೇಳಿದರೆ ಪೂರ್ತಿ ಹೇಳು."